ಸೋರದ ಪೆಟ್ಟಿಗೆ

ನಮ್ಮವರು ಬದುಕನ್ನೆಲ್ಲ ಐಸ್ ಫ್ಯಾಕ್ಟರಿಯಲ್ಲಿ ಕಳೆದರು. ಬಂದರಿನಲ್ಲಿ ಎಲ್ಲರೂ ಅವರನ್ನು ಐಸಣ್ಣ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ನೆನಪಿದ್ದದ್ದು ನನಗೆ ಮತ್ತು ಸಂಬಳ ಕೊಡುವ ಗುಮಾಸ್ತನಿಗೆ ಮಾತ್ರ. ದೋಣಿಗಳಿಗೆ ಐಸ್ ತುಂಬುವುದು, ಮೀನಿನ ಪೆಟ್ಟಿಗೆ ಕಟ್ಟುವುದು, ಲಾರಿಗೆ ಏರಿಸುವುದು ಅವರ ಕೆಲಸ. ಹಾಗಾಗಿ ಅವರ ಕೈ ಯಾವಾಗಲೂ ತಣ್ಣಗಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಆ ಕೈ ಕುತ್ತಿಗೆಗೆ ತಗುಲಿದರೆ ನಾನು ಕಿರುಚುತ್ತಿದ್ದೆ, ಅದಕ್ಕೆಂದೇ ಅವರು ಬೇಕಂತಲೇ ಮುಟ್ಟುತ್ತಿದ್ದರು. ಕೊನೆಗೆ ಅದೇ ಕೈ ಮೋಸ ಮಾಡಿತು. ಒಂದು ದಿನ ಮಧ್ಯಾಹ್ನ ಊಟ ಮಾಡಿ, ಖಾಲಿ ಪೆಟ್ಟಿಗೆಯ ಮೇಲೆ ಕೂತು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಲಾರಿ ಬಂತು ಏಳೋ ಎಂದು ಜೊತೆಯವನೊಬ್ಬ ಕೈ ಹಿಡಿದು ಎಳೆದನಂತೆ. ಕೈ ತಣ್ಣಗಿದ್ದದ್ದು ಅವನಿಗೆ ವಿಶೇಷ ಅನ್ನಿಸಲಿಲ್ಲ. ಪಾಪ, ಸುಸ್ತಾಗಿ ಮಲಗಿದ್ದಾನೆ ಎಂದು ಬಿಟ್ಟು ಹೋದನಂತೆ.

ನಾನು ಅತ್ತೆ, ಅತ್ತು ಸುಮ್ಮನಾದೆ. ನನ್ನ ಮಗಳ ಅಳು ಮಾತ್ರ ನಿಲ್ಲಲಿಲ್ಲ. ಅಪ್ಪನ ದೇಹದ ಪಕ್ಕದಲ್ಲಿ ಕೂತು ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ನನ್ನ ಮೇಲೆ ಸಿಟ್ಟು ಇಟ್ಕೊಂಡೇ ಹೋಗ್ಬಿಟ್ರು." ಬಂದವರೆಲ್ಲ ಹಾಗೇನಿಲ್ಲ ಎಂದರು, ನಾನೂ ಎಂದೆ. ಆದರೆ ನನ್ನ ದನಿಯಲ್ಲಿ ಗಟ್ಟಿತನ ಇರಲಿಲ್ಲ. ಸಿಟ್ಟಿತ್ತೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಆ ಮನುಷ್ಯ ಬಾಯಿ ಬಿಟ್ಟು ಹೇಳಿದ್ದರೆ ತಾನೇ?

ಆದದ್ದು ಇಷ್ಟು. ಮಗಳು ದೂರದ ದೊಡ್ಡ ಊರಿನಲ್ಲಿ, ಲಿಫ್ಟ್ ಇರುವ ಕಟ್ಟಡದಲ್ಲಿ ಹೊಸ ಮನೆ ಮಾಡಿದ್ದಳು. ಬೀಗರು, ಬೀಗರ ಕಡೆಯ ನೆಂಟರು ಮನೆ ನೋಡಲು ಬಂದಿದ್ದರು. ನಮ್ಮವರು ಮಗಳಿಗೆ ಇಷ್ಟವಾದ ದೊಡ್ಡ ಮೀನನ್ನು ಆರಿಸಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಕಟ್ಟಿ, ಬಸ್ಸಿನಲ್ಲಿ ಹೊತ್ತುಕೊಂಡು ಹೋದರು. ನಾನೂ ಜೊತೆಗಿದ್ದೆ. ಬಂದರಿನಲ್ಲಿ ಒಂದು ರೂಢಿ ಇದೆ: ಮೀನಿನ ಪೆಟ್ಟಿಗೆಯ ತಳಕ್ಕೆ ಮೊಳೆಯಿಂದ ಒಂದು ತೂತು ಮಾಡುತ್ತಾರೆ. ಐಸ್ ಕರಗಿದ ನೀರು ಹರಿದು ಹೋಗಬೇಕು, ನಿಂತ ನೀರಿನಲ್ಲಿ ಮೀನು ಬೇಗ ಕೆಡುತ್ತದೆ. ದೋಣಿಗೆ ಸರಿ, ಲಾರಿಗೆ ಸರಿ. ಮಗಳ ಮನೆಗೆ ಒಯ್ಯುವ ಪೆಟ್ಟಿಗೆಗೂ ಅವರ ಕೈ ತನ್ನಷ್ಟಕ್ಕೆ ತೂತು ಮಾಡಿಬಿಟ್ಟಿತ್ತು. ನಾನು ನೋಡಿದ್ದರೂ ತಪ್ಪು ಎನ್ನುತ್ತಿರಲಿಲ್ಲ. ನಾನೂ ಮೀನು ಮಾರಿಯೇ ಸಂಸಾರ ತೂಗಿಸಿದವಳು.

ಲಿಫ್ಟಿನಲ್ಲಿ ಮೀನಿನ ನೀರು, ಹೊರಗಿನ ಹಾದಿಯಲ್ಲಿ ಮೀನಿನ ನೀರು, ಬೀಗಿತ್ತಿ ಉಡುಗೊರೆ ಕೊಟ್ಟ ಬಿಳಿ ಜಮಖಾನೆಯ ಮೇಲೂ ಮೀನಿನ ನೀರು. ಸಾಲದ್ದಕ್ಕೆ ಲಿಫ್ಟಿನ ಬಾಗಿಲು ಮುಚ್ಚಿ ಪೆಟ್ಟಿಗೆಯ ಒಂದು ಮೂಲೆ ಮುರಿದು, ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು. ಮಗಳ ಮುಖ ಕೆಂಪಾಯಿತು. ಎಲ್ಲರ ಎದುರಿಗೇ ಹೇಳಿದಳು: "ಅಪ್ಪ, ಇನ್ಮೇಲೆ ಬರೋದಾದ್ರೆ ಕೈ ಬೀಸ್ಕೊಂಡು ಬನ್ನಿ. ಈ ನಾತ ನನ್ನ ಮನೆಗೆ ತರಬೇಡಿ."

"ಆಯ್ತಮ್ಮ" ಎಂದರು ಅವರು. ಹೆಗಲ ಮೇಲಿನ ಟವೆಲ್ಲು ತೆಗೆದು, ಮಂಡಿಯೂರಿ, ಬಾಗಿಲಿನಿಂದ ಲಿಫ್ಟಿನವರೆಗೆ ಒರೆಸಿದರು. ಮೀನನ್ನು ಅಲ್ಲೇ ಕೊಟ್ಟು, ಖಾಲಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸ್ಸು ಬಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ಆಮೇಲೆ ಫೋನು ಮಾಡಿ ಅತ್ತಳು, ತಪ್ಪಾಯಿತು ಎಂದಳು. ಇವರು ಇರಲಿ ಬಿಡಮ್ಮ ಎಂದರು. ಆದರೆ ಮತ್ತೆ ಆ ಕಡೆ ಕಾಲಿಡಲಿಲ್ಲ. ಕರೆದಾಗೆಲ್ಲ ಒಂದು ನೆಪ. ನಾನು ಬೈದರೆ, "ಮಗಳ ಮನೆಗೆ ಕೈ ಬೀಸ್ಕೊಂಡು ಹೋಗೋದಕ್ಕೆ ನಾನೇನು ಊರ ನೆಂಟನಾ?" ಎಂದು ಬೀಡಿ ಹಚ್ಚುತ್ತಿದ್ದರು. ಮುನಿಸಿಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ. ಜೊತೆಗೆ, ರಜೆಯ ದಿನಗಳಲ್ಲಿ ಇಸ್ಪೀಟಿಗೆ ಹೋಗುತ್ತೇನೆ ಎಂದು ಹೇಳಿ ಸಂಜೆಯವರೆಗೆ ನಾಪತ್ತೆ. ಮುದುಕನಾಗುತ್ತಾ ಹೊಸ ಚಟ ಬೇರೆ ಎಂದು ಚೆನ್ನಾಗಿ ಉಗಿದಿದ್ದೆ.

ಅವರು ಹೋಗಿ ಸ್ವಲ್ಪ ದಿನಗಳಾದ ಮೇಲೆ ಫ್ಯಾಕ್ಟರಿಯ ಮೇಸ್ತ್ರಿ ಮನೆಗೆ ಬಂದ. ಕೋಲ್ಡ್ ರೂಮಿನ ಮೂಲೆಯಲ್ಲಿ ಐಸಣ್ಣನ ಒಂದು ಪೆಟ್ಟಿಗೆ ಇದೆ, ಕಟ್ಟಿ ಟೇಪು ಸುತ್ತಿ ಇಟ್ಟಿದ್ದಾನೆ, ಏನು ಮಾಡಲಿ ಅಕ್ಕ ಎಂದು ಕೇಳಿದ. ಏನು ಪೆಟ್ಟಿಗೆ ಎಂದೆ. ನಿಮಗೆ ಹೇಳಿಲ್ಲವಾ ಎಂದು ಅವನು ನನ್ನ ಮುಖ ನೋಡಿದ. ಆಮೇಲೆ ಹೊಸಿಲ ಮೇಲೇ ಕೂತು ಎಲ್ಲ ಹೇಳಿದ. ಇಸ್ಪೀಟೂ ಇಲ್ಲ, ಗಿಸ್ಪೀಟೂ ಇಲ್ಲ. ರಜೆಯ ದಿನ ನಮ್ಮವರು ಫ್ಯಾಕ್ಟರಿಯ ಹಿಂದಿನ ಅಂಗಳದಲ್ಲಿ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಅದರ ಕೆಳಗೆ ಒಣ ಪೇಪರು ಹಾಸಿ, ಎದುರಿಗೆ ಕೂತು ಕಾಯುತ್ತಿದ್ದರಂತೆ. ಆಗಾಗ ಎತ್ತಿ, ಪೇಪರು ನೆನೆದಿದೆಯಾ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರಂತೆ. ಮೊದಮೊದಲು ನೆನೆಯುತ್ತಿತ್ತು. ಆಮೇಲೆ ಬಿಡಿ ಐಸನ್ನೇ ಬಿಟ್ಟರು. ಮೀನನ್ನು ಕಲ್ಲಿನ ಹಾಗೆ ಗಟ್ಟಿ ಮಾಡಿ, ಜ್ಯೂಸಿನ ಖಾಲಿ ಬಾಟಲಿಗಳಲ್ಲಿ ಉಪ್ಪುನೀರು ತುಂಬಿ ಅದನ್ನೂ ಗಟ್ಟಿ ಮಾಡಿ, ಸುತ್ತ ಜೋಡಿಸಿ, ಸಂದಿಗೆಲ್ಲ ಪೇಪರು ತುರುಕಿ ಕಟ್ಟುವುದನ್ನು ಕಂಡುಕೊಂಡರು. ಕರಗಿದರೂ ಬಾಟಲಿಯ ನೀರು ಬಾಟಲಿಯಲ್ಲೇ ಇರುತ್ತದೆ. ಕೊನೆಗೊಂದು ದಿನ ಸಂಜೆಯವರೆಗೂ ಪೇಪರು ಗರಿಗರಿಯಾಗಿ ಉಳಿಯಿತು. ಅವತ್ತು ಫ್ಯಾಕ್ಟರಿಯವರಿಗೆಲ್ಲ ಚಹಾ ಕೊಡಿಸಿದರಂತೆ. ಬರುವ ರಜೆಗೆ ಮಗಳ ಮನೆಗೆ ಹೋಗುತ್ತೇನೆ ಎಂದು ಒಳ್ಳೆಯ ಮೀನು ತಂದು ಪೆಟ್ಟಿಗೆ ಕಟ್ಟಿ ಇಟ್ಟರಂತೆ. ಆ ರಜೆ ಬರಲೇ ಇಲ್ಲ.

ಮೇಸ್ತ್ರಿ ಹೋದ ಮೇಲೆ ನಾನು ಒಬ್ಬಳೇ ಕೂತು ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಒಂದು ಮಾತು ಹೇಳಿದ್ದರೆ ಗಂಟು ಹೋಗುತ್ತಿತ್ತೇ? ಬೈಯುತ್ತಾ ಬೈಯುತ್ತಾ ಎದೆ ಕಿತ್ತು ಬರುವಷ್ಟು ಅಳು ಬಂತು. ಆಮೇಲೆ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು, "ನನ್ನ ಸಮಾಧಾನಕ್ಕೆ ಕಥೆ ಕಟ್ತಿದೀಯ ಅಮ್ಮ" ಎಂದಳು. ಮೇಸ್ತ್ರಿಯ ಕೈಯಲ್ಲಿ ಹೇಳಿಸುತ್ತೇನೆ ಎಂದರೆ, ಅವನಿಗೂ ನೀನೇ ಹೇಳಿಕೊಟ್ಟಿರುತ್ತೀಯ ಎಂದಳು. ಅವಳು ಊಟ ಬಿಟ್ಟಿದ್ದಾಳೆ, ರಾತ್ರಿಯೆಲ್ಲ ಎದ್ದು ಕೂರುತ್ತಾಳೆ ಎಂದು ಅಳಿಯ ಮೊದಲೇ ಹೇಳಿದ್ದ. ಇನ್ನು ಬಾಯಿಮಾತು ನಡೆಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಅವರು ಕಟ್ಟಿದ ಪೆಟ್ಟಿಗೆ ಕಟ್ಟಿದ ಹಾಗೇ ಅವಳ ಮುಂದೆ ಹೋಗಿ ಕೂರಬೇಕು. ಮೀನು ಕೆಡಬಾರದು, ಒಂದು ಹನಿ ನೆಲಕ್ಕೆ ಬೀಳಬಾರದು. ಬಿದ್ದರೆ ಅವರು ಎರಡನೇ ಸಲ ಸೋತ ಹಾಗೆ.

ಬೆಳಗಿನ ಬಸ್ಸಿಗೆ ಮೇಸ್ತ್ರಿಯೇ ಪೆಟ್ಟಿಗೆಯನ್ನು ಗೋಣಿತಾಟಿನಲ್ಲಿ ಸುತ್ತಿ ತಂದುಕೊಟ್ಟ. ಇಂಜಿನ್ನಿನ ಕಡೆ ಇಡಬೇಡಿ, ಬಿಸಿಲು ತಾಗಿಸಬೇಡಿ, ಏನೇ ಆದರೂ ಮುಚ್ಚಳ ತೆಗೆಯಬೇಡಿ ಎಂದ. ಮೀನಿಗೆ ಈಜು ಕಲಿಸಲು ಬಂದೆಯಾ ಎಂದು ನಾನು ರೇಗಿದೆ. ಅವನು ನಗಲಿಲ್ಲ. ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದು, ತಿರುಗಿ ನೋಡದೆ ಹೋದ.

ಕಂಡಕ್ಟರು ಪೆಟ್ಟಿಗೆ ನೋಡಿದ್ದೇ ತಡ, ಮೀನಾ ಎಂದು ಹುಬ್ಬು ಗಂಟಿಕ್ಕಿದ. ಹಿಂದೆ ಯಾರೋ ತಂದ ಮೀನಿನ ನೀರು ಸೋರಿ ಬಸ್ಸು ವಾರವೆಲ್ಲ ನಾರಿತ್ತಂತೆ. ಡಿಕ್ಕಿಗೆ ಹಾಕಿ ಎಂದ. ಡಿಕ್ಕಿ ಇದ್ದದ್ದು ಇಂಜಿನ್ನಿನ ಪಕ್ಕದಲ್ಲಿ, ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಬಾಗಿಲಲ್ಲಿ ಅಡ್ಡ ನಿಂತೆ. "ಒಂದು ಹನಿ ಸೋರಿದ್ರೆ ದಾರಿ ಮಧ್ಯ ನನ್ನನ್ನೇ ಇಳಿಸಿಬಿಡಪ್ಪ" ಎಂದೆ. ಅಷ್ಟು ಧೈರ್ಯ ಎಲ್ಲಿಂದಮ್ಮ ಎಂದು ಕೇಳಿದ. ಕಟ್ಟಿದವರು ನಮ್ಮೆಜಮಾನರು ಎಂದೆ. ಅವನು ನನ್ನ ಬೋಳು ಕುತ್ತಿಗೆ ನೋಡಿದನೋ, ನನ್ನ ಮುಖ ನೋಡಿದನೋ, ದಾರಿ ಬಿಟ್ಟ.

ನೆರಳಿನ ಕಡೆಯ ಸೀಟು ಹಿಡಿದು, ಪೆಟ್ಟಿಗೆಯನ್ನು ಕಾಲಿನ ಕೆಳಗೆ ಪೇಪರಿನ ಮೇಲೆ ಇಟ್ಟೆ. ಪಕ್ಕದಲ್ಲಿ ಒಬ್ಬ ಟೈಲರಮ್ಮ, ಹೊಲಿದ ಬಟ್ಟೆಗಳ ಗಂಟು ಮಡಿಲಲ್ಲಿ. ಅರ್ಧ ದಾರಿಯವರೆಗೆ ಎಲ್ಲ ಸರಿಯಿತ್ತು. ನಮ್ಮ ಗ್ರಹಚಾರ ನೋಡಿ, ಬಟಾಬಯಲಿನಲ್ಲಿ ಬಸ್ಸಿನ ಯಾವುದೋ ಪಟ್ಟಿ ಕಡಿದು ಹೊಗೆ ಎದ್ದಿತು. ಬೇರೆ ಬಸ್ಸು ಬರಬೇಕು, ಎಲ್ಲರೂ ಇಳಿಯಿರಿ ಎಂದರು. ನೆತ್ತಿಯ ಮೇಲೆ ಸುಡುಬಿಸಿಲು. ಇದ್ದದ್ದು ಒಂದೇ ಮರ, ಅದರ ಕೆಳಗೆ ಬಸ್ಸಿನ ಜನವೆಲ್ಲ. ನೆರಳು ಸರಿದ ಹಾಗೆ ಪೆಟ್ಟಿಗೆಯನ್ನೂ ಸರಿಸುತ್ತಾ, ಸೆರಗಿನಿಂದ ಗಾಳಿ ಹಾಕುತ್ತಾ ನಾನು ಅದರ ಸುತ್ತ ಸುತ್ತುತ್ತಿದ್ದೆ. ಬಾಣಂತಿ ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತೀರಲ್ಲ ಎಂದು ಟೈಲರಮ್ಮ ನಕ್ಕಳು. ನನಗೆ ತಡೆಯಲಾಗಲಿಲ್ಲ. ಗುರುತಿಲ್ಲದ ಹೆಂಗಸಿಗೆ ಎಲ್ಲ ಹೇಳಿಬಿಟ್ಟೆ. ಅವಳ ನಗು ನಿಂತಿತು. ತನ್ನ ಗಂಟು ಬಿಚ್ಚಿ, ಯಾರದೋ ಹೊಸ ಬಟ್ಟೆಗಳನ್ನು ತೆಗೆದು ಪೆಟ್ಟಿಗೆಗೆ ಸುತ್ತಿದಳು. ಗಿರಾಕಿ ಬೈದರೆ ಎಂದರೆ, ಬೈದರೆ ಕೇಳಿಸಿಕೊಳ್ಳುತ್ತೇನೆ ಎಂದಳು.

ಬೇರೆ ಬಸ್ಸಿನ ಸುಳಿವಿಲ್ಲ. ಒಮ್ಮೆ ತೆರೆದು ನೋಡಿ, ಕೆಟ್ಟಿದ್ದರೆ ಸುಮ್ಮನೆ ಯಾಕೆ ಹೊರುತ್ತೀರಿ ಎಂದ ಕಂಡಕ್ಟರು. ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಆಸೆ ಹತ್ತಿತ್ತು. ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಮೀನಿನ ಸ್ಥಿತಿ ನನಗೆ ತಿಳಿಯುತ್ತದೆ. ಸುತ್ತಿದ್ದನ್ನು ಸರಿಸಿ, ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿಯೂ ಬಿಟ್ಟೆ. ಆಗ ಕಂಡಿತು, ಟೇಪಿನ ತುದಿಯನ್ನು ಅವರು ಒಳಕ್ಕೆ ಮಡಚಿ ಅಂಟಿಸಿದ್ದರು. ಮಗಳಿಗೆ ಉಗುರು ಕಚ್ಚುವ ಚಾಳಿ, ಟೇಪು ಬಿಡಿಸಲು ಅವಳಿಗೆ ಆಗುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಅವಳಿಗೆ ಏನೇ ಕಟ್ಟಿಕೊಟ್ಟರೂ ತುದಿಯನ್ನು ಹಿಡಿಯಲು ಸಿಗುವ ಹಾಗೆ ಮಡಚುತ್ತಿದ್ದರು. ಇದನ್ನು ಬಿಡಿಸಬೇಕಾದವಳು ನಾನಲ್ಲ ಅನ್ನಿಸಿತು. ಟೇಪನ್ನು ಮತ್ತೆ ಒತ್ತಿ ಅಂಟಿಸಿ, ಪೆಟ್ಟಿಗೆಯ ಮೇಲೆ ತಲೆಯಿಟ್ಟು ಕೂತೆ.

ಕೊನೆಗೂ ಬೇರೆ ಬಸ್ಸು ಬಂತು, ಇಳಿಯುವಾಗ ಟೈಲರಮ್ಮನ ಬಟ್ಟೆಗಳನ್ನು ಬಿಚ್ಚಿ ಅವಳಿಗೆ ಕೊಟ್ಟೆ. ಮಗಳ ಕಟ್ಟಡ ತಲುಪುವ ಹೊತ್ತಿಗೆ ದೀಪ ಹಚ್ಚಿದ್ದರು. ಲಿಫ್ಟಿನಲ್ಲಿ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಿಂತಾಗ ತಳದಲ್ಲಿದ್ದ ನನ್ನ ಕೈಗೆ ಒದ್ದೆ ತಗುಲಿತು. ಇಷ್ಟು ದೂರ ಬಂದು, ಇದೇ ಲಿಫ್ಟಿನಲ್ಲಿ, ಮತ್ತೆ ಅದೇ ಆಯಿತಲ್ಲ ಎಂದುಕೊಂಡೆ. ಕೈಯನ್ನು ಮೂಗಿಗೆ ಹಿಡಿದೆ, ನಾಲಿಗೆಗೂ ತಾಗಿಸಿ ನೋಡಿದೆ. ಮೀನಿನ ವಾಸನೆ ಇರಲಿಲ್ಲ, ಉಪ್ಪೂ ಇರಲಿಲ್ಲ. ಪೆಟ್ಟಿಗೆಯ ಹೊರಮೈ ಬೆವರಿತ್ತು, ಅಷ್ಟೆ. ಒಳಗೆ ಇನ್ನೂ ತಂಪಿದ್ದರೆ ಮಾತ್ರ ಹೊರಗೆ ಬೆವರುತ್ತದೆ. ಸೆರಗಿನಿಂದ ಒರೆಸಿ, ಕಣ್ಣನ್ನೂ ಒರೆಸಿಕೊಂಡೆ.

ಬಾಗಿಲು ತೆಗೆದ ಮಗಳು ಅರ್ಧ ಆಗಿದ್ದಳು. ಅಳಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಅವಳು ನನ್ನ ಮುಖ ನೋಡಲಿಲ್ಲ; ನನ್ನ ಹಿಂದೆ, ಲಿಫ್ಟಿನವರೆಗಿನ ನೆಲ ನೋಡಿದಳು. ನೆಲ ಒಣಗಿತ್ತು. ಆಮೇಲೆ ಪೆಟ್ಟಿಗೆ ನೋಡಿದಳು. ಗೋಣಿತಾಟು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಮುರಿದ ಮೂಲೆ ಕಂಡಿತು, ಟೇಪಿನಿಂದ ತೇಪೆ ಹಾಕಿದ್ದರು.

"ಅದೇ ಪೆಟ್ಟಿಗೆ" ಎಂದಳು.

ಬಿಡಿಸು ಎಂದೆ. ಮಡಚಿದ ತುದಿ ಹಿಡಿದು ಎಳೆದಳು, ಟೇಪು ಸಲೀಸಾಗಿ ಬಂತು. ಒಳಗೆ ಬಾಟಲಿಗಳು ಸಾಲಾಗಿ ಮಲಗಿದ್ದವು, ಅರ್ಧಕ್ಕಿಂತ ಹೆಚ್ಚು ನೀರಾಗಿದ್ದವು, ಒಂದೊಂದರ ಒಳಗೂ ಸಣ್ಣ ಗಡ್ಡೆ ತೇಲುತ್ತಿತ್ತು. ಅದರ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೀನು. ನಾನು ಬೆರಳಿನಿಂದ ಒತ್ತಿದೆ. ಬೆನ್ನು ಗಟ್ಟಿಯಿತ್ತು, ಹೊಟ್ಟೆಯ ಕಡೆ ಬಿಟ್ಟುಕೊಟ್ಟಿತ್ತು. ಕೆಟ್ಟಿರಲಿಲ್ಲ, ಆದರೆ ಕಾಯುವ ಹಾಗೂ ಇರಲಿಲ್ಲ. ಈಗಲೇ ಒಲೆಗೆ ಹಾಕಬೇಕು ಎಂದೆ.

ಅವಳು ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದಳು. ಫ್ರೀಜರಿನಲ್ಲಿ ಒಂದು ಕಾಳೂ ಇರಲಿಲ್ಲ, ತೊಳೆದು ಒರೆಸಿ ಖಾಲಿ ಮಾಡಿಟ್ಟಿದ್ದಳು. ನಾನು ಫೋನಿನಲ್ಲಿ ಹೇಳಿದ್ದನ್ನು ಕಥೆ ಎಂದವಳು ಜಾಗ ಮಾತ್ರ ಮಾಡಿಟ್ಟಿದ್ದಳು. "ಇದನ್ನ ಇಲ್ಲೇ ಇಟ್ಟುಬಿಡೋಣ ಅಮ್ಮ. ಇರಲಿ. ಅಪ್ಪಂದು ಅಂತ ಇದೊಂದಾದ್ರೂ ಉಳೀಲಿ."

ಹೂಂ ಎನ್ನಲು ನನಗೆಷ್ಟು ಆಸೆಯಿತ್ತು. ಆದರೆ ಒಮ್ಮೆ ಕರಗಿದ ಮೀನನ್ನು ಮತ್ತೆ ಗಟ್ಟಿ ಮಾಡಬಾರದು. ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಹಾಳಾಗಿರುತ್ತದೆ. ಅವಳೂ ನಮ್ಮ ಮನೆಯಲ್ಲೇ ಬೆಳೆದವಳು, ಅವಳಿಗೂ ಇದು ಗೊತ್ತು. "ನೀನು ತಿನ್ನಲಿ ಅಂತ ಕಟ್ಟಿದ್ದು ಕಣೆ, ಇಟ್ಟುಕೊಂಡು ನೋಡಲಿ ಅಂತ ಅಲ್ಲ" ಎಂದೆ. ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ತಡೆಯಲಿಲ್ಲ. ಫ್ರೀಜರಿನ ತಣ್ಣನೆ ಗಾಳಿ ನಮ್ಮಿಬ್ಬರ ಮುಖಕ್ಕೆ ಬಡಿಯುತ್ತಿತ್ತು.

ಅವಳೇ ಮೀನು ಕೊಯ್ದಳು, ನಾನು ಬೇಯಿಸಿದೆ. ಎಷ್ಟೋ ದಿನಗಳ ನಂತರ ಅವಳು ತಟ್ಟೆಯ ಮುಂದೆ ಕೂತಳು. ಒಂದು ತುತ್ತು ಬಾಯಿಗಿಟ್ಟು ತಟ್ಟನೆ ನಿಲ್ಲಿಸಿ, ನಾಲಿಗೆಯ ಮೇಲಿನಿಂದ ಮುಳ್ಳು ತೆಗೆದಳು. ಇಷ್ಟು ದೊಡ್ಡವಳಾದರೂ ಅವಳಿಗೆ ಮುಳ್ಳು ಬಿಡಿಸಲು ಬರುವುದಿಲ್ಲ. ಅದನ್ನು ಅವಳಪ್ಪ ಬಿಡಿಸಿ ಇಡುತ್ತಿದ್ದರು, ಅವಳನ್ನು ಕೆಡಿಸಿಬಿಟ್ಟಿರಿ ಎಂದು ನಾನು ಗೊಣಗುತ್ತಿದ್ದೆ. ನಾನು ಕೈ ಚಾಚಿದೆ. ಬೇಡ ಎಂದು ತಲೆಯಾಡಿಸಿ, ತಾನೇ ನಿಧಾನವಾಗಿ ಒಂದೊಂದಾಗಿ ಬಿಡಿಸುತ್ತಾ, ಅಳುತ್ತಾ, ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದಳು.

ಊಟವಾದ ಮೇಲೆ ಅಭ್ಯಾಸಬಲ ನೋಡಿ, ನಾನು ನೀರು ಕಾಯಿಸಿದೆ. ಮೀನಿನ ಪೆಟ್ಟಿಗೆಗೆ ಕುದಿಯುವ ನೀರು ಸುರಿದು ತೊಳೆದರೇ ನಾತ ಹೋಗುವುದು, ನಮ್ಮ ಕಸುಬಿನವರಿಗೆ ಇದು ಹಲ್ಲುಜ್ಜುವಷ್ಟೇ ಸಹಜ. ಪೆಟ್ಟಿಗೆಯನ್ನು ಸಿಂಕಿನಲ್ಲಿ ಇಟ್ಟು ಪಾತ್ರೆ ಎತ್ತಿದೆ. ಇನ್ನೇನು ಸುರಿಯಬೇಕು, ಮಗಳು ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಬಿಗಿಯಾಗಿ ಹಿಡಿದಳೆಂದರೆ ಅರ್ಧ ನೀರು ಕಟ್ಟೆಯ ಮೇಲೆ ಚೆಲ್ಲಿತು.

ಪೆಟ್ಟಿಗೆಯ ತಳದಲ್ಲಿ ಹಳೆಯ ತೂತು. ಅದಕ್ಕೆ ಮೇಣದಬತ್ತಿಯ ತುಂಡನ್ನು ಅಂಗೈಯಲ್ಲಿ ಮೆದು ಮಾಡಿ ತುಂಬಿ, ಮೇಲಿನಿಂದ ಹೆಬ್ಬೆರಳಿನಿಂದ ಒತ್ತಿದ್ದರು. ಬಾಟಲಿಯ ನೀರು ಹೊರಗೆ ಬರುವುದಿಲ್ಲ ಎಂದು ಗೊತ್ತಿದ್ದೂ, ಯಾವುದಕ್ಕೂ ಇರಲಿ ಎಂದು ಒತ್ತಿದ್ದರು. ಬೆರಳಿನ ಗೆರೆ ಗೆರೆಯೂ ಮೇಣದಲ್ಲಿ ಮೂಡಿತ್ತು. ನಡುವೆ ಓರೆಯಾಗಿ ಒಂದು ಆಳದ ಗಾಯದ ಗುರುತು: ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಐಸ್ ಪುಡಿ ಮಾಡುವ ಯಂತ್ರಕ್ಕೆ ಸಿಕ್ಕಿ ಸೀಳಿದ್ದ ಹೆಬ್ಬೆರಳು ಅದು. ಆ ಗಾಯದ ಮೇಲೆ ಬೆರಳಾಡಿಸುತ್ತಲೇ ಅವಳು ನಿದ್ದೆ ಹೋಗುತ್ತಿದ್ದಳು. ಇದನ್ನು ನಾನು ಹೇಳಿಕೊಟ್ಟು ಮಾಡಿಸಲು ಸಾಧ್ಯವಿರಲಿಲ್ಲ. ಇದು ಕಥೆ ಅಲ್ಲ ಎಂದು ಅವಳಿಗೆ ಗೊತ್ತಾಯಿತು.

ಮಗಳು ಬಗ್ಗಿ, ತನ್ನ ಹೆಬ್ಬೆರಳನ್ನು ಆ ಗುಳಿಯ ಮೇಲೆ ತಂದಳು. ಮುಟ್ಟಲಿಲ್ಲ. ಬೆರಳಿನ ಬಿಸಿಗೆ ಮೇಣ ಮೆತ್ತಗಾಗುತ್ತದೆ ಎಂದು ಹೆದರಿದಳೋ ಏನೋ, ಕೈ ಹಿಂದಕ್ಕೆ ತೆಗೆದುಕೊಂಡು ಸೆರಗು ಕಚ್ಚಿ ನಿಂತಳು. ಆಮೇಲೆ ಪೆಟ್ಟಿಗೆಯನ್ನು ಸಿಂಕಿನಿಂದ ಎತ್ತಿ, ಒಲೆಯಿಂದ ದೂರ ಒಯ್ದು, ಬಿಸಿಲು ಬಾರದ ತನ್ನ ಕೋಣೆಯ ಮೂಲೆಯಲ್ಲಿ, ಮಂಚದ ಪಕ್ಕ ಇಟ್ಟಳು.

ಅದಕ್ಕೆ ಬಿಸಿನೀರು ಬೀಳದಿದ್ದರೆ ನಾತ ಹೋಗುವುದಿಲ್ಲ, ನಾಳೆಗೆಲ್ಲ ಮನೆಯೆಲ್ಲ ಹಿಡಿಯುತ್ತದೆ ಕಣೆ ಎಂದೆ.

"ಹಿಡೀಲಿ ಬಿಡಮ್ಮ" ಎಂದಳು.